ವಯಸ್ಸು ಕೇಳದ ಬಸವಣ್ಣೆಮ್ಮ ಟೀಚರ್
ನಮ್ಮ ಸಿಂಧನೂರಿನಲ್ಲಿ ಬೇಸ್‌ಬಾಲ್ ಕಲಿಸುವ ಬಸವಣ್ಣೆಮ್ಮ ಟೀಚರ್ ಕೊರಳಿನ ಸೀಟಿಯನ್ನು ಮದುವೆ ಊಟಕ್ಕೆ ಕುಂತಾಗಲೂ ತೆಗೆದವರಲ್ಲ. ನಿದ್ದೆಯಲ್ಲೂ ಊದುತ್ತಾರೆಂದು ಅವರ ಯಜಮಾನರ ದೂರು. ಮಸ್ಕಿ ಕಡೆಯಿಂದ ಬಸ್ಸು ಹತ್ತಿ ಬಂದ ತಾಯಂದಿರು, "ಹುಡುಗಿಗೆ ಹದಿನೈದು ತುಂಬ್ಯಾವ್ರೀ, ಈಗ ಈ ಆಟ ಕಲಿತಾಳೇನ್ರೀ?" ಎಂದು ಅಳುಕಿದರೆ, ಟೀಚರ್ ಹುಡುಗಿಯನ್ನೇ ಕೇಳುತ್ತಾರೆ: "ಜ್ವಾಳದ ಹೊಲದಾಗ ಹಕ್ಕಿಗೆ ಕಲ್ಲು ಒಗದೀಯೇನವ್ವ?" ಅವಳು ಹೂಂ ಅಂದರೆ ಸಾಕು, "ಹಂಗಾದ್ರ ನೀ ಆಗ್ಲೇ ಶುರು ಮಾಡೀಯಲ್ಲ, ಬಾ!" ತಾಯಿಯ ಅನುಮಾನ ಆಗಲೂ ಹೋಗದಿದ್ದರೆ ಚೆಂಡನ್ನು ಆಕೆಯ ಕೈಗೇ ಇಡುತ್ತಾರೆ: "ಹಕ್ಕಿ ಕಾದ ಕೈ ನಿಮ್ದೂ ಹೌದಲ್ರೀ, ಒಗೀರಿ." ಮೊನ್ನೆ ಹೀಗೇ ಮಗಳನ್ನು ಕರೆತಂದ ಸೂಗಮ್ಮ ನಾಚುತ್ತಲೇ ಸೆರಗು ಸಿಕ್ಕಿಸಿ ಒಗೆದಳು. ಚೆಂಡು ಕಂಪೌಂಡು ದಾಟಿ ಹೋಯಿತು. ಮಗಳ ವಯಸ್ಸನ್ನು ಮರೆತು ಆಕೆ ಕೈಚಾಚಿದಳು: "ಇನ್ನೊಂದು ಕೊಡ್ರೀ, ಟೀಚರ್."