ಚೀಲಕ್ಕೆ ಬೀಳದ ಗರಿ

ಕಳೆದ ಫೆಬ್ರವರಿಯಲ್ಲಿ ಹುಬ್ಬಳ್ಳಿಯ ನಮ್ಮ ಮನೆಗೆ ಬಣ್ಣ ಹೊಡೆಸುವಾಗ ಗೋಡೆಯ ಮೇಲಿನ ಮರಿಯಮ್ಮನ ಪಟ ಇಳಿಸಿದೆ. ಅದರ ಹಿಂದೆ ಸಿಕ್ಕಿಸಿದ್ದ ಈಚಲ ಗರಿಯ ಶಿಲುಬೆ ಕೈಗೆ ಬಂತು. ಒಂದು ತುದಿ ಕರಕಲಾಗಿತ್ತು. ಮೂಗಿಗೆ ಹಿಡಿದರೆ ಸುಟ್ಟ ವಾಸನೆ ಇನ್ನೂ ಇತ್ತು, ಅಥವಾ ಇದ್ದಂತೆ ಅನ್ನಿಸಿತು… ವಾಸನೆಯ ಬೆನ್ನಿಗೇ ಆ ಮನುಷ್ಯನೂ ಬಂದ. ಸತ್ತು ವರ್ಷಗಳಾದರೂ ಕರೆಯದೇ ಬರುವ ಚಾಳಿ ಬಿಟ್ಟಿಲ್ಲ ನೋಡಿ.

ನಮ್ಮ ಹಳ್ಳಿ ತಿಳವಳ್ಳಿಯಿಂದ ಆಚೆ. ಹೆಂಚಿನ ಸಣ್ಣ ಚರ್ಚು, ಸುತ್ತ ನಮ್ಮಂಥ ಕೆಲವು ಕ್ಯಾಥೊಲಿಕ್ ಮನೆಗಳು. ಫಾದರ್ ತಿಂಗಳಿಗೊಮ್ಮೆ ಬರುತ್ತಿದ್ದರು. ಮಿಕ್ಕ ದಿನ ಜಪ ಹೇಳಿಸುವುದು, ಗಂಟೆ ಬಾರಿಸುವುದು, ಯಾರು ಒಳಗೆ ಯಾರು ಹೊರಗೆ ಎಂದು ತೀರ್ಮಾನಿಸುವುದು ಎಲ್ಲ ಉಪದೇಶಿಯ, ಅಂದರೆ ಆ ಮನುಷ್ಯನ, ಕೆಲಸ. ಕೊನೆಯದನ್ನು ಅವನಿಗೆ ಯಾರೂ ಒಪ್ಪಿಸಿರಲಿಲ್ಲ, ತಾನೇ ಹೊತ್ತುಕೊಂಡಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇವನನ್ನು ನೋಡಿಯೇ ಹುಟ್ಟಿರಬೇಕು.

ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರದಂದು ಮಂತ್ರಿಸಿ ಕೊಟ್ಟ ಗರಿಯನ್ನು ನಾವು ಶಿಲುಬೆಯಾಗಿ ಹೆಣೆದು ವರ್ಷವಿಡೀ ಪಟದ ಹಿಂದೆ ಇಡುತ್ತೇವೆ. ಮರುವರ್ಷ ಉಪವಾಸದ ದಿನಗಳು ಶುರುವಾಗುವ ಮುಂಚೆ ಎಲ್ಲ ಮನೆಗಳ ಗರಿ ಒಟ್ಟುಮಾಡಿ ಸುಡುತ್ತಾರೆ. ಆ ಬೂದಿಯೇ ವಿಭೂತಿ ಬುಧವಾರ ನಮ್ಮ ಹಣೆಗೆ ಬರುತ್ತದೆ. ಬೇರೆ ಊರುಗಳಲ್ಲಿ ಜನ ತಾವೇ ತಂದು ಚರ್ಚಿಗೆ ಕೊಡುತ್ತಾರೆ. ನಮ್ಮ ಕಡೆ ಚರ್ಚಿನ ಸುತ್ತಿನ ಕೆಲವು ಬಿಟ್ಟರೆ ಮಿಕ್ಕ ಮನೆಗಳು ಒಂದೊಂದು ಊರಿಗೆ ಚದುರಿದ್ದುದರಿಂದ ಉಪದೇಶಿಯೇ ಚೀಲ ಹಿಡಿದು ಹೊರಡುತ್ತಿದ್ದ. ಹಾನಗಲ್ಲಿನಲ್ಲಿ ಪಂಪ್‌ಸೆಟ್ ಮೋಟರು ರಿಪೇರಿ ಮಾಡಿಕೊಂಡಿದ್ದ ನನ್ನ ಹತ್ತಿರ ಒಂದು ಹಳೆಯ ಮೋಟರ್‌ಸೈಕಲ್ ಇತ್ತು. ಹಾಗಾಗಿ ಪ್ರತಿ ವರ್ಷ ಆ ದಿನ ನಾನು ಅವನ ಸಾರಥಿ.

ಬೆಳಗಿನ ಚಳಿಯಲ್ಲೇ ಹೊರಟು ಹಿರೇಕೆರೂರು, ಹಂಸಭಾವಿ, ಅಲ್ಲಿಂದ ಅತ್ತ ಸವಣೂರು, ಯಲವಿಗಿ ಸ್ಟೇಷನ್ನಿನ ಹಿಂದಿನ ಓಣಿ, ಶಿಗ್ಗಾಂವಿ, ಮತ್ತೆ ಹಾನಗಲ್ಲಿನ ಮೇಲೆ ಊರಿಗೆ. ರಸ್ತೆ ತುಂಬ ಜೋಳದ ರಾಶಿ, ಧೂಳು. ಆದರೆ ನನಗೆ ನೆನಪಿರುವುದು ಬೆನ್ನ ಹಿಂದಿನ ಆ ಬಾಯಿ! ಸವಣೂರಿನಲ್ಲಿ ಎಲೆ ಕಟ್ಟಿಸಿಕೊಂಡನೆಂದರೆ ಮುಗಿಯಿತು, ಊರು ಮುಟ್ಟುವವರೆಗೆ ಜಗಿಯುವುದು, ಉಗುಳುವುದು. ಉಗುಳು ಬಿಸಿ ಸೈಲೆನ್ಸರಿಗೆ ಬಿದ್ದು ಚುರ್ರೆಂದು ನಾರುತ್ತಿತ್ತು. ಹೋದ ಮನೆಯಲ್ಲೆಲ್ಲ ಒಂದು ಚುಚ್ಚು ಮಾತು ಬೇರೆ. ಕೊನೆಯ ಸಲ ನಾನು ಕರೆದೊಯ್ದ ವರ್ಷ ಯಲವಿಗಿಯ ಒಬ್ಬ ಬಡ ಹೆಂಗಸಿನ ಗರಿಯನ್ನು ಇಲಿ ಕಡಿದಿತ್ತು. “ಇಲಿಗಿ ಇದ್ದಷ್ಟು ಭಕ್ತಿನೂ ನಿನಗಿಲ್ಲಲ್ಲವಾ” ಅಂದ. ಆಕೆ ಕಣ್ಣೊರೆಸಿಕೊಂಡು ಅವನಿಗೇ ಚಹಾ ಇಡಲು ಒಳಗೆ ಹೋದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಉರಿದರೂ ಮತ್ತೆ ಗಾಡಿ ಚಾಲೂ ಮಾಡಿದೆ. ಆ ವರ್ಷ ನನಗೆ ಅವನಿಂದ ಆಗಬೇಕಾದ ಕೆಲಸವೊಂದಿತ್ತು. ಅಕ್ಕ ಹಂಸಭಾವಿಯ ಒಬ್ಬ ಲಿಂಗಾಯತರ ಹುಡುಗನನ್ನು ಮೆಚ್ಚಿ, ಅವರ ಪದ್ಧತಿಯಂತೆ ಮದುವೆಯಾಗಿದ್ದಳು. ಅವ್ವ ಹೋಗಿ ಅಕ್ಕಿಕಾಳು ಹಾಕಿ, ಉಂಡು ಬಂದಿದ್ದಳು. ಅಂದಿನಿಂದ ಉಪದೇಶಿ ನಮ್ಮ ಮನೆಯ ಮುಂದೆ ಹಾಯುವಾಗ ಮುಖ ಆಚೆ ಮಾಡುತ್ತಿದ್ದ. ಅವ್ವನಿಗೆ ಎದೆಯ ಬೇನೆ. ಡಾಕ್ಟರು ಕೈಚೆಲ್ಲಿದ್ದರು, ಅವಳಿಗೂ ಅದು ಗೊತ್ತಿತ್ತು. “ಈ ವರ್ಷದ ನನ್ನ ಗರಿ ಒಂದು ಎಲ್ಲಾರ ಸಂಗಾಟ ಕೂಡ್ಲಿಪಾ, ಮುಂದಿನ ವರ್ಷದ್ದು ಯಾರ ಕಂಡಾರ” ಅಂದಿದ್ದಳು. ಅದಕ್ಕೇ ದಿನವಿಡೀ ಅವನ ಉಗುಳು ಸಹಿಸಿದೆ. ಸಂಜೆಗೆ ಮೆತ್ತಗಾದಾನು ಅಂದುಕೊಂಡಿದ್ದೆ.

ನಮ್ಮ ಮನೆ ಕೊನೆಯದು. ಗಾಡಿಯ ಸಪ್ಪಳ ಕೇಳಿ ಅವ್ವ ತಲೆಗೆ ಸೆರಗು ಹೊದ್ದು, ಗರಿಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದಳು. ನಾನು ನಿಲ್ಲಿಸಿದೆ. ಅವನು ಇಳಿಯಲೇ ಇಲ್ಲ. ಚೀಲದ ಬಾಯಿಯನ್ನು ಮುಷ್ಟಿಯಲ್ಲಿ ತಿರುವಿ ಹಿಡಿದ.

“ಈ ಮನಿ ಗರಿ ಚೀಲಕ್ಕ ಬೀಳೂದಿಲ್ಲ ತಂಗಿ. ಅಳಿಯನ ಗುಡಿಗಿ ಒಯ್ದು ಕೊಡು” ಅಂದ.

ಅವ್ವ ಚಾಚಿದ ಕೈಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಹಾಗೇ ನಿಂತಿದ್ದಳು… ನನ್ನ ತಲೆ ಕೆಟ್ಟುಹೋಯಿತು. “ಇಳೀರಿ! ಇಳೀರಿ ನನ್ನ ಗಾಡಿ ಮ್ಯಾಲಿಂದ!” ಎಂದು ಒದರಿದೆ. ಅವನು ಗಡಿಬಿಡಿಯಿಲ್ಲದೆ ಇಳಿದು, ಚೀಲ ಹೆಗಲಿಗೇರಿಸಿ ನಡೆದ. ಅವನ ಬೆನ್ನಿಗೆ ನಾನು ಕೂಗಿದೆ: “ನಿನ್ನ ಮನಿ ಗರಿ ಕೇಳವರಿಲ್ಲದ ಗ್ವಾಡಿಗೇ ಒಣಗ್ಲಿ!” ಅವ್ವ ನನ್ನ ಬಾಯಿಗೆ ಫಟ್ಟನೆ ಹೊಡೆದಳು. “ಬಾಯಿ ತೊಳ್ಕೊ ಹೋಗು” ಅಂದಳು.

ಒಳಗೆ ಬಂದವನೇ ಕಡ್ಡಿ ಗೀರಿದೆ. ಅವನ ಬೂದಿ ಯಾರಿಗೆ ಬೇಕು, ನಾನೇ ಸುಟ್ಟು ನಾನೇ ಹಚ್ಚುತ್ತೇನೆ ಎಂದು ಗರಿಗೆ ಬೆಂಕಿ ಹಿಡಿದೆ. ತುದಿ ಹೊತ್ತಿಕೊಂಡಿತ್ತು. ಅವ್ವ ಕಸಿದುಕೊಂಡು ಸೆರಗಿನಲ್ಲಿ ಒತ್ತಿ ಆರಿಸಿದಳು.

“ಹುಚ್ಚಪ್ಪಾ, ಎಲ್ಲಾರ ಮನೀದು ಕೂಡಿದ್ರ ವಿಭೂತಿ. ಒಂದ ಮನೀದು ಸುಟ್ರ ಅದು ಒಲಿ ಬೂದಿ.”

ಮುಂದೆ ಫಾದರ್ ಬಂದಾಗ ದೂರು ಹೇಳಿದೆ. ಅಂಥ ಕಾನೂನು ಯಾವ ಪುಸ್ತಕದಲ್ಲೂ ಇಲ್ಲವೆಂದು ಅವರೂ ಬೇಸರಪಟ್ಟರು. ಬೂದಿ ಆಗಲೇ ಎಲ್ಲರ ಹಣೆಗೆ ಬಂದು ಹೋಗಿತ್ತು. ಮಳೆ ಹಿಡಿಯುವ ಮುಂಚೆ ಅವ್ವ ತೀರಿಕೊಂಡಳು. ಅವಳ ಮಣ್ಣಿಗೆ ಮುಂದೆ ನಿಂತು ಜಪ ಹೇಳಿದವನು ಅವನೇ. ನಾನು ಅವನ ಮುಖ ನೋಡಲಿಲ್ಲ. ಅಂಗಡಿ ಎತ್ತಿಕೊಂಡು ಹುಬ್ಬಳ್ಳಿಗೆ ಬಂದುಬಿಟ್ಟೆ. ಇಲ್ಲಿನ ಚರ್ಚಿನಲ್ಲೂ ಗರಿಯ ಬುಟ್ಟಿ ಇಡುತ್ತಾರೆ. ಅವ್ವನದನ್ನು ಹಾಕಲು ಮನಸ್ಸು ಬರಲಿಲ್ಲ. ಅವಳಿಗೆ ಬೇಕಾಗಿದ್ದುದು ನಮ್ಮ ಕಡೆಯ ಮನೆಗಳ ಸಂಗಡ ಕೂಡುವುದು. ಗುರುತಿಲ್ಲದವರ ನಡುವೆ ಅವಳನ್ನು ಹೇಗೆ ಹಾಕಲಿ?

ಪಟ ಇಳಿಸಿದ ಆ ವಾರವೇ ಅಕ್ಕನ ಮಗ ಫೋನ್ ಮಾಡಿದ. “ಮಾಮಾ, ದೋಸ್ತರೆಲ್ಲಾ ಕೂಡಿ ಒಂದಿನ ಬೈಕ್ ಟೂರ್ ಹೊಂಟೇವ್ರಿ, ಹಳೇ ಚರ್ಚ್ ನೋಡಾಕ. ದಾರಿ ನಿಮಗ ಗೊತ್ತೈತಿ, ಬರ್ರಿ.” ಯಾವ ಮದುವೆಯ ನೆಪದಲ್ಲಿ ಅವ್ವನನ್ನು ಹೊರಗಿಟ್ಟರೋ ಆ ಮದುವೆಯ ಮಗ, ಕೊರಳಲ್ಲಿ ಲಿಂಗದ ಕರಡಿಗೆ ಕಟ್ಟಿಕೊಂಡವನು, ಚರ್ಚು ನೋಡಲು ಹೊರಟಿದ್ದ! ನನಗೆ ನಗು ಬಂತು. ಅವ್ವನ ಗರಿಯನ್ನು ಜೇಬಿನಲ್ಲಿಟ್ಟುಕೊಂಡು ಹೊರಟೆ. ನಮ್ಮ ಕಡೆಯ ಒಂದಾದರೂ ಮನೆಯ ಗರಿ ಸಿಕ್ಕರೆ ಎರಡನ್ನೂ ಒಟ್ಟಿಗೆ ಬುಟ್ಟಿಗೆ ಹಾಕಿಬಿಡಬೇಕೆಂದುಕೊಂಡೆ.

ಸಿಗಲಿಲ್ಲ. ಶಿಗ್ಗಾಂವಿಯವರು ಮನೆ ಮಾರಿದ್ದರು. ಯಲವಿಗಿಯ ಆ ಹೆಂಗಸಿನ ಜಾಗದಲ್ಲಿ ಗೊಬ್ಬರದ ಅಂಗಡಿ. ಹಿರೇಕೆರೂರಿನ ಮನೆಗೆ ಬೀಗ. ಹುಡುಗರು ಚರ್ಚುಗಳ ಮುಂದೆ ಫೋಟೊ ಹೊಡೆದುಕೊಳ್ಳುತ್ತಿದ್ದರೆ ನಾನು ಓಣಿ ಓಣಿ ಅಲೆದೆ. ಕೊನೆಗೆ ನಮ್ಮೂರು. ಚರ್ಚಿನ ಬಾಗಿಲಿಗೆ ತುಕ್ಕು ಹಿಡಿದ ಸರಪಳಿ. ಒಂದೇ ಒಂದು ಮನೆಯ ಬಾಗಿಲು ತೆರೆದಿತ್ತು, ಅದೂ ಯಾರದು ಅನ್ನುತ್ತೀರಿ? ಅವನದೇ.

ಅವನ ಸೊಸೆ ನನ್ನ ಗುರುತು ಹಿಡಿದು, “ಬರ್ರಿ ಅಣ್ಣಾರ, ಕುಂದರ್ರಿ” ಅಂದಳು. ಗೋಡೆಯ ಮೇಲೆ ಪಟ, ಪಟದ ಹಿಂದೆ ಒಣಗಿದ ಗರಿ. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ಆಕೆ ಹೇಳಿದಳು: “ಎಲ್ಲಾರೂ ಊರು ಬಿಟ್ಟು ಚರ್ಚು ಮುಚ್ಚಿದ ಮ್ಯಾಲ ಗರಿ ಬ್ಯಾರೆ ಚರ್ಚಿಗೆ ಒಯ್ಯಾಕ ಯಾರೂ ಬರ್ಲಿಲ್ರಿ. ಮಾವಾರು ಪ್ರತಿ ವರ್ಷ ಜಳಕಾ ಮಾಡಿ, ಗರಿ ಹಿಡ್ಕೊಂಡು ಕಟ್ಟಿ ಮ್ಯಾಲ ಕುಂದರ್ತಿದ್ರು. ಗಾಡಿ ಸಪ್ಪಳ ಆತಂದ್ರ ಎದ್ದು ನಿಲ್ತಿದ್ರು. ನೀವರ ಒಯ್ರಿ, ನನಗ ಬಿಸಾಕಾಕ ಕೈ ಬರವಲ್ದು.”

ಕೂತಿರಲಿ, ಎದ್ದು ನಿಂತಿರಲಿ, ಹಾಗೇ ಆಗಬೇಕು ಅಂತ ಮನಸ್ಸಿನಲ್ಲೇ ಅಂದೆ. ನನ್ನ ಶಾಪ ಫಲಿಸಿತ್ತು. ಹಿಗ್ಗಬೇಕಿತ್ತು. ಬಾಯಿಗೆ ಬಿದ್ದ ಅವ್ವನ ಏಟು ಮತ್ತೆ ಚುರುಗುಟ್ಟಿತು… ಎದ್ದು ಗರಿ ಇಸಿದುಕೊಂಡೆ.

ಆ ಭಾನುವಾರ ಹುಬ್ಬಳ್ಳಿಯ ಚರ್ಚಿನ ಬುಟ್ಟಿಗೆ ಅವ್ವನದನ್ನು ಹಾಕಿದೆ. ಅವನದು ಕೈಯಲ್ಲೇ ಉಳಿಯಿತು. ಗಟಾರಕ್ಕೆ ಒಗೆಯೋಣವೇ? ಒಗೆದರೆ ನಮ್ಮ ಕಡೆಯದೆಂಬುದು ಅವ್ವನದೊಂದೇ, ಅದು ಒಲೆ ಬೂದಿ. ಹಿಂದೆ ನಿಂತವರು “ಸರೀರಿ ಯಜಮಾನ್ರ” ಅಂದರು. ಅವನನ್ನು ಬಾಯಿ ತುಂಬ ಬೈಯುತ್ತಲೇ ಬುಟ್ಟಿಗೆ ಹಾಕಿದೆ.

ಬುಧವಾರ ಫಾದರ್ ಹಣೆಗೆ ಬೂದಿ ಹಚ್ಚಿದರು. ಮನೆಗೆ ಬಂದು ಕನ್ನಡಿ ನೋಡಿದೆ. ಹಣೆಯ ಮೇಲೆ ಅವ್ವ ಇದ್ದಳು. ಹಾಳಾದವನು, ಅವನೂ ಇದ್ದ. ಸಂಜೆ ಮುಖ ತೊಳೆಯಲು ನೀರು ಮೊಗೆದವನು ಹಾಗೇ ನಿಂತೆ. ಅವನೊಬ್ಬನನ್ನೇ ತೊಳೆದು ಅವ್ವನನ್ನು ಉಳಿಸಿಕೊಳ್ಳುವುದು ಹೇಗೆಂದು ತಿಳಿಯಲಿಲ್ಲ. ನೀರು ಚೆಲ್ಲಿದೆ, ಹಾಗೇ ಮಲಗಿದೆ.