ಕಾಯತಾನನ ಹತ್ತನೆಯ ಸಾಮಾನು

ಅದು ೧೯೬೪. ನಾನು ಮುಂಡಗೋಡದಿಂದ ಜೋಯಿಡಾವರೆಗೆ ಹಳೆಯ ಮೋಟರ್ ಸೈಕಲ್ ಮೇಲೆ ತಿರುಗುತ್ತಿದ್ದ ಜೀವವಿಮೆ ಏಜೆಂಟ. ಅಪಘಾತ ಹೇಳಿ ಬರುವುದಿಲ್ಲ ಎಂದು ಚಿಗಳ್ಳಿಯ ಶೇಖಪ್ಪನವರಿಗೆ ಮೂರು ತಿಂಗಳು ಹೇಳಿ ಹೇಳಿ ಒಪ್ಪಿಸಿದ್ದೆ. ಸಹಿ ಹಾಕಲು ಅವರು ಹಳಿಯಾಳದ ಬಸ್ ನಿಲ್ದಾಣದಲ್ಲಿ ಪೆನ್ನು ಬಿಚ್ಚಿ ನಿಂತಿದ್ದರು. ನಾನು ಬಂದೆ. ಆದರೆ ನಿಲ್ಲಲಿಲ್ಲ. ಬ್ರೇಕಿನ ತಂತಿ ಹರಿದು, ಅವರಿಗೆ ನಮಸ್ಕಾರ ಮಾಡುತ್ತಲೇ ಮುಂದೆ ಹೋಗಿ, ಕಬ್ಬಿನ ಸೋಗೆಯ ರಾಶಿಯೊಳಗೆ ಗಾಡಿ ಸಮೇತ ಅದೃಶ್ಯನಾದೆ.

ಶೇಖಪ್ಪ ಪೆನ್ನು ಕಿಸೆಗಿಟ್ಟರು. "ಮೊದಲ ನಿಮ್ಮ ವಿಮಾ ಮಾಡಿಸ್ಕೊಳ್ರಿ ಸಾಹೇಬ್ರ. ಆಮ್ಯಾಲ ನಮ್ಮದು ನೋಡೂಣು."

ನನ್ನನ್ನು ಸೋಗೆಯಿಂದ ಎಳೆದವನು ಕಾಯತಾನ. ಊರಾಚೆಯ ಸಿದ್ದಿ ವಾಡಿಯವನು, ಮೂವತ್ತೈದರ ಆಸುಪಾಸಿನ ಗಟ್ಟಿ ಆಳು. ನಿಲ್ದಾಣದ ಪಕ್ಕದ ಹುಣಸೆಮರವೇ ಅವನ ಗ್ಯಾರೇಜು; ನನ್ನ ಗಾಡಿ ಕೆಟ್ಟಾಗಲೆಲ್ಲ ಅಲ್ಲಿಗೇ ಬರುತ್ತಿತ್ತು. ನನಗೆ ಪೆಟ್ಟಾಯಿತೇ ಎಂದು ಅವನು ಕೇಳಲಿಲ್ಲ. ತುಂಡಾದ ತಂತಿಯನ್ನು ಬೆರಳಲ್ಲಿ ತಿರುವಿ ನೋಡಿದ.

"ಮತ್ತ ಸಂತ್ಯಾಗಿಂದ ತಂದ್ರಿ?"

"ಅಸಲಿಯ ಹಾಗೇ ಇತ್ತಲ್ಲೋ!"

"ಇತ್ರಿ. ಮುರಿಯೂತನಕ."

ತಂತಿಯ ತುಂಡನ್ನು ಅವನು ಇಂಥವೇ ಮುರಿದ ಸಾಮಾನುಗಳಿದ್ದ ಡಬ್ಬಿಯೊಂದಕ್ಕೆ ಹಾಕಿಕೊಂಡ. ಯಾಕೆಂದು ನಾನು ಕೇಳಲಿಲ್ಲ. ಮೈಗಂಟಿದ ಸೋಗೆ ಕೀಳುವುದರಲ್ಲಿದ್ದೆ.

ಕಾಯತಾನನಿಗೆ ಒಂದೇ ಆಸೆ: ದಾಂಡೇಲಿಯಲ್ಲಿ ಕಟ್ಟಿಗೆ ಸಾಗಿಸುವ ಕಂಪನಿಯೊಂದರ ಮೋಟರ್ ಸೈಕಲ್ ವರ್ಕ್‌ಶಾಪಿನಲ್ಲಿ ಕಾಯಂ ನೌಕರಿ. ನೌಕರಿಯ ಜೊತೆಗೆ ಹಂಚಿನ ಮನೆ ಸಿಗುತ್ತಿತ್ತು. ಮಳೆಗಾಲ ಬಂದರೆ ಹುಣಸೆಮರದ ಕೆಳಗೆ ಮೂರು ತಿಂಗಳು ಅವನ ಕೆಲಸ ಪಾನಾ, ಇಕ್ಕಳಗಳ ತುಕ್ಕು ತಿಕ್ಕುವುದೊಂದೇ. ಅವನ ಹೆಂಡತಿ ಜುಲಿಯಾನಾ ಆ ಮೂರು ತಿಂಗಳು ಪರರ ಗದ್ದೆಯಲ್ಲಿ ನಾಟಿ ಮಾಡಿ ಮನೆ ನಡೆಸುತ್ತಿದ್ದಳು. ಕಾಯತಾನ ದಾಂಡೇಲಿಗೆ ಎರಡು ಸಲ ಹೋಗಿ ಕೇಳಿದ್ದ. ಸರ್ಟಿಫಿಕೇಟ್ ಇಲ್ಲವೆಂದು ಎರಡು ಸಲವೂ ಗೇಟಿನಿಂದಲೇ ತಿರುಗಿ ಕಳಿಸಿದ್ದರು.

ಅಲ್ಲಿನ ಫೋರಮನ್ ಮಹಾಂತಪ್ಪ ಧಾರವಾಡದ ಕಡೆಯವರು, ನನ್ನ ಪಾಲಿಸಿದಾರರು. ಸೋಗೆಯಿಂದ ಎಳೆದ ಋಣಕ್ಕಾದರೂ ಒಂದು ಮಾತು ಹೇಳೋಣವೆಂದು ಕಾಯತಾನನನ್ನು ಹಿಂದೆ ಕೂರಿಸಿಕೊಂಡು ಹೋದೆ. ಅಂದರೆ, ಹೊರಟಾಗ ಅವನು ಹಿಂದೆ ಕೂತಿದ್ದ. ದಾಂಡೇಲಿ ಮುಟ್ಟಿದಾಗ ತಳ್ಳುತ್ತಿದ್ದ.

"ಸರ್ಟಿಫಿಕೇಟ್ ಇಲ್ಲದವಗ ನೌಕರಿ ಕೊಟ್ರ ನನ್ನ ನೌಕರಿ ಉಳೀತೈತೇನ್ರಿ?" ಎಂದರು ಮಹಾಂತಪ್ಪ. ನಾನು ಕುರ್ಚಿ ಬಿಟ್ಟು ಏಳದಿದ್ದುದರಿಂದ ಕೊನೆಗೆ ಸ್ಟೋರಿನಿಂದ ಅಸಲಿ ಸಾಮಾನು, ಹಿಂದೆ ಮೋಸಹೋಗಿ ಕೊಂಡು ಮೂಲೆಗೆಸೆದಿದ್ದ ನಕಲಿ ಸಾಮಾನು, ಒಟ್ಟು ಹತ್ತು ತರಿಸಿ, ಮುದ್ರೆಯ ಅಕ್ಷರಗಳನ್ನೆಲ್ಲ ಅರದಿಂದ ಉಜ್ಜಿಸಿ, ಮೇಜಿನ ಮೇಲೆ ಹರಡಿಸಿದರು. "ಅಸಲಿ ಯಾವುದು, ನಕಲಿ ಯಾವುದು ಹೇಳು. ಹತ್ತೂ ಬರೋಬರಿ ಆದ್ರ ನೌಕರಿ. ಒಂದು ತಪ್ಪಿದ್ರೂ ಇನ್ನೊಮ್ಮೆ ಈ ಗೇಟಿಗೆ ಬರಬ್ಯಾಡ."

ಕಾಯತಾನ ಕೈ ಒರೆಸಿಕೊಂಡ. ಚೈನನ್ನು ಅಡ್ಡಲಾಗಿ ಹಿಡಿದ. ಅದು ಹಸಿ ಹಗ್ಗದಂತೆ ಬಾಗಿತು. "ನಕಲಿ." ಪಿಸ್ಟನ್ ರಿಂಗನ್ನು ಕಲ್ಲಿನ ಮೇಲೆ ಬೀಳಿಸಿ ಕಿವಿಗೊಟ್ಟ. "ಅಸಲಿ." ಬೇರಿಂಗು ತಿರುಗಿಸಿದ, ರಬ್ಬರು ಮೂಸಿದ.

"ಏನಪಾ, ಸಾಮಾನು ನೋಡಾಕ ಬಂದೀಯೋ, ಸಾರಿನ ವಾಸನಿ ನೋಡಾಕೋ?" ಎಂದರು ಮಹಾಂತಪ್ಪ.

"ಕೆಟ್ಟಿದ್ರ ಎರಡೂ ಮೂಗಿಗೇ ಮೊದಲ ಗೊತ್ತಾಗ್ತಾವ್ರಿ."

ಒಂಬತ್ತೂ ಸರಿಯಾದವು. ಹತ್ತನೆಯದು ಬ್ರೇಕ್ ಶೂ, ಚಕ್ರಕ್ಕೆ ಒತ್ತಿ ಗಾಡಿ ನಿಲ್ಲಿಸುವ ಸಾಮಾನು. ಉಗುರಿನಿಂದ ಗೀರಿ, ಮೂಸಿ, "ನಕಲಿ" ಎಂದ.

ಮಹಾಂತಪ್ಪನವರ ಮುಖ ಅರಳಿತು. "ತಪ್ಪಿತು! ಈಗ ನನ್ನ ಕೈಯಾರೆ ಕಂಪನಿ ಡಬ್ಬಿಯ ಸೀಲು ಒಡದು ತಗದೇನಿ."

"ಸೀಲು ಅಸಲಿ ಇರಬೇಕ್ರಿ."

ನಾನು ಕಾಯತಾನನ ಕಿವಿಗೆ ಬಾಗಿದೆ. "ಹೂಂ ಅನ್ನೋ ಮಾರಾಯಾ, ಅಸಲಿ ಅಂದುಬಿಡು" ಎಂದು ಪಿಸುಗುಟ್ಟಿದೆ. ಅವನು ಆ ಬ್ರೇಕ್ ಶೂ ಎತ್ತಿ ನೀರಿನ ಬಕೀಟಿಗೆ ಹಾಕಿ, "ಚಾ ಕುಡೀರಿ" ಎಂದ.

ಕುಡಿದೆವು. ಜಗತ್ತಿನಲ್ಲಿ ಅಷ್ಟು ಉದ್ದದ ಚಹಾ ನಾನು ಕುಡಿದಿಲ್ಲ. ಬಕೀಟು ನೋಡಿದರೆ, ಶೂವಿನ ಮೇಲಿನ ಪಟ್ಟಿ ನೆನೆದ ಹಪ್ಪಳದಂತೆ ಉಬ್ಬಿ ಪದರು ಪದರಾಗಿ ಬಿಚ್ಚಿಕೊಂಡಿತ್ತು. ಒಳಗಿದ್ದುದು ಒತ್ತಿದ ಕಾಗದ. ಕಾಗದದ ಗಿರಣಿಯಿರುವ ದಾಂಡೇಲಿಯವರಿಗೆ ಕಾಗದದ ಗುರುತು ಹೇಳಿಕೊಡಬೇಕೆ?

ಮಹಾಂತಪ್ಪ ಸ್ಟೋರಿಗೆ ಓಡಿದರು. ಹಿಂದಿನ ಮಳೆಗಾಲದಲ್ಲಿ ಕುಂಬಾರವಾಡದ ಇಳಿಜಾರಿನಲ್ಲಿ, ಕಾಡಿನ ಡಿಪೋಗಳಿಗೆ ಮೋಟರ್ ಸೈಕಲ್ ಮೇಲೆ ತಿರುಗುವ ಕಂಪನಿಯ ಐದು ಜನ ಸವಾರರು ಗಾಡಿ ನಿಲ್ಲಿಸಲಾರದೆ ಬಿದ್ದಿದ್ದರು. ಗಾಡಿ ಹೊಡೆಯಲು ಬರುವುದಿಲ್ಲವೆಂದು ಐವರಿಗೂ ಬೈದಿದ್ದರು. ಸೀಲಿದ್ದ ಡಬ್ಬಿಗಳನ್ನೆಲ್ಲ ಒಡೆಸಿ ಬಕೀಟುಗಳಿಗೆ ಸುರಿಸಿದರು. ಒಂದೊಂದು ಉಬ್ಬಿದಾಗಲೂ ಆ ಸವಾರರು ಕೂಗಿ ಶಿಳ್ಳೆ ಹಾಕಿದರು. ಒಬ್ಬನಂತೂ ಕಾಯತಾನನನ್ನು ಹೆಗಲ ಮೇಲೆ ಹೊತ್ತು ವರ್ಕ್‌ಶಾಪ್ ಸುತ್ತಿಸಿದ.

ಬೆವರು ಒರೆಸಿಕೊಳ್ಳುತ್ತ ಬಂದ ಮಹಾಂತಪ್ಪ ಫಾರಮು ತೆಗೆದು ಹೆಸರು ಬರೆದರು, ಊರು ಬರೆದರು, ಹಂಚಿನ ಮನೆಯ ನಂಬರೂ ಬರೆದರು. ಸರ್ಟಿಫಿಕೇಟ್ ಎಂದಿದ್ದ ಕಡೆ ಪೆನ್ನು ನಿಂತಿತು.

"ಇಲ್ಲೇನರ ಬರೀಬೇಕಲ್ಲಪಾ. ಈ ವಿದ್ಯಾ ಎಲ್ಲಿ ಕಲಿತಿ?"

ಕಾಯತಾನ ನನ್ನ ಕಡೆ ಕೈ ಮಾಡಿದ.

"ಈ ಸಾಹೇಬ್ರ ಕಡಿಂದ್ರಿ. ಆರು ವರ್ಷದಾಗ ಒಮ್ಮೆರ ಅಸಲಿ ಸಾಮಾನು ತಂದಿಲ್ರಿ."