ಬರದವರೆಲ್ಲ ಆರಾಮ

ನನ್ನ ಸಂಶೋಧನಾ ಲೇಖನಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹೆಸರು ಮಾಡಿದ್ದು ಯಾವುದೋ, ಅದರಲ್ಲಿ ಒಂದು ಸುಳ್ಳಿದೆ. ಕಣ್ತಪ್ಪಿ ನುಸುಳಿದ್ದಲ್ಲ — ಗೊತ್ತಿದ್ದೇ ಬರೆಸಿದ್ದು. ಚಿಮ್ಮನಚೋಡದ ಒಂದು ಮನೆಯಲ್ಲಿ ಚಹಾ ಕುಡಿದು, ಉಡಿ ತುಂಬಿಸಿಕೊಂಡು, ಕಣ್ಣಾರೆ ಕಂಡದ್ದನ್ನು ಕಾಣಲೇ ಇಲ್ಲವೆಂಬಂತೆ ಜೀಪು ಹತ್ತಿ ಬಂದು ಬರೆಸಿದ್ದು. ಇಷ್ಟನ್ನು ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತಲ್ಲ — ಥೂ, ಇರಲಿ. ಮೊದಲಿನಿಂದ ಹೇಳುತ್ತೇನೆ.

ನಾನು ಮಕ್ಕಳ ಶಸ್ತ್ರಚಿಕಿತ್ಸೆಯ ವೈದ್ಯೆ. ಹುಟ್ಟಿ ಬೆಳೆದದ್ದು ವಾಡಿಯಲ್ಲಿ, ಅಪ್ಪ ರೈಲ್ವೆಯಲ್ಲಿದ್ದರು. ಓದು ಮುಗಿಸಿ ಕಲಬುರಗಿಯಲ್ಲೇ ಕೆಲಸಕ್ಕೆ ನಿಂತೆ. ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿ ಕಡೆಯ ತಾಯಂದಿರು ಮಲದ್ವಾರವಿಲ್ಲದೆ ಹುಟ್ಟಿದ ಕೂಸುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಹತ್ತಿರ ಬರುತ್ತಿದ್ದರು. ಆಗಿನ ಪದ್ಧತಿಯಂತೆ ಅಂಥ ಕೂಸಿಗೆ ಮೂರು ಆಪರೇಷನ್. ನಡುವೆ ತಿಂಗಳುಗಟ್ಟಲೆ ಹೊಟ್ಟೆಯ ಮೇಲೊಂದು ರಂಧ್ರ, ಅದಕ್ಕೆ ಅಂಟಿಸಿದ ಚೀಲ. ಆ ಚೀಲ ನೋಡಿಯೇ ಎಷ್ಟೋ ಮನೆಯವರು ಹೆದರಿ, ಚಿಕಿತ್ಸೆ ನಡುವೆಯೇ ಬಿಟ್ಟು ಹೋಗುತ್ತಿದ್ದರು. ನಾನು ಚೀಲವಿಲ್ಲದೆ ಒಂದೇ ಆಪರೇಷನ್ನಿನಲ್ಲಿ ಮುಗಿಸತೊಡಗಿದೆ. ಕೈ ಚೆನ್ನಾಗಿತ್ತು. ಚೆನ್ನಾಗಿದೆಯೆಂಬ ಸೊಕ್ಕೂ ಇತ್ತು.

ಮನೆಗೆ ಕಳಿಸುವಾಗ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದೆ: “ಆರಾಮ ಇದ್ರ ಬರಬ್ಯಾಡ್ರಿ. ಏನರ ತ್ರಾಸ ಆದ್ರ ಬರ್ರಿ.”

ಅದನ್ನು ದಯೆ ಎಂದುಕೊಂಡಿದ್ದೆ. ತೊಗರಿ ರಾಶಿ ಬಿಟ್ಟು, ಎರಡು ಬಸ್ಸು ಬದಲಿಸಿ ಬರುವವರನ್ನು ಸುಮ್ಮನೆ ಯಾಕೆ ಅಲೆದಾಡಿಸಬೇಕು? ಅವರಲ್ಲಿ ಬಹಳ ಮಂದಿ ಬರಲೇ ಇಲ್ಲ. ಬರಲಿಲ್ಲವೆಂದರೆ ಆರಾಮ ಇದ್ದಾರೆ — ನನ್ನ ಲೆಕ್ಕ ಅಷ್ಟೇ. ಈ ಲೆಕ್ಕದ ಮೇಲೆಯೇ ಲೇಖನ ಬರೆದೆ. ಹೊರದೇಶದ ಪತ್ರಿಕೆಯೊಂದಕ್ಕೆ ಕಳಿಸಿದೆ. ಅವರು ಹೊಗಳಿದರು, ಹೊಗಳಿ ಒಂದು ಪ್ರಶ್ನೆ ಕೇಳಿದರು: ಮರಳಿ ಬರದ ಮಕ್ಕಳು ಹೇಗಿದ್ದಾರೆ? ವಿಚಾರಿಸಿ ತಿಳಿಸಿ.

ಸರಿಯಾದ ಪ್ರಶ್ನೆಯೇ. ಆದರೆ ನನಗೆ ಮೈಯೆಲ್ಲ ಉರಿಯಿತು. ಬಡ್ತಿಯ ಸಂದರ್ಶನ ಹತ್ತಿರವಿತ್ತು, ಲೇಖನ ಅಚ್ಚಾಗದಿದ್ದರೆ ಕುರ್ಚಿ ಬೇರೆಯವರ ಪಾಲು. ನನ್ನ ಕೈಕೆಳಗೆ ಕಲಿಯುತ್ತಿದ್ದ ಇಮ್ತಿಯಾಜ್‌ನನ್ನು ಕರೆದುಕೊಂಡು ಒಂದು ರವಿವಾರ ಜೀಪು ಹತ್ತಿದೆ. ಮೊದಲು ಚಿಮ್ಮನಚೋಡ, ಅಲ್ಲಿಂದ ಕುಂಚಾವರಂ ಕಾಡಿನ ಕಡೆಯ ಹಟ್ಟಿಗಳು, ಆಮೇಲೆ ಉಳಿದ ಊರು — ಹಾಗೆ ಅಂದುಕೊಂಡಿದ್ದೆವು.

ಚಿಮ್ಮನಚೋಡದಲ್ಲಿ ಕಮಲಮ್ಮನ ಮನೆ. ಅವಳ ಮಗಳು ಭಾಗ್ಯಶ್ರೀಗೆ ಹುಟ್ಟಿದ ಕೆಲವೇ ದಿನಗಳಲ್ಲಿ ನಾನು ಆಪರೇಷನ್ ಮಾಡಿದ್ದೆ, ಈಗ ಶಾಲೆಗೆ ಹೋಗುವ ವಯಸ್ಸು. ನಮ್ಮನ್ನು ಕಂಡದ್ದೇ ಕಮಲಮ್ಮ ಓಣಿಗೆಲ್ಲ ಕೇಳುವಂತೆ ಕೂಗಿದಳು. “ಬರ್ರಿ ಬರ್ರಿ, ಕುಂದ್ರಿ! ಏ, ನೋಡ್ರೇ, ನಮ್ಮ ಭಾಗ್ಯಾಗ ಜೀವಾ ಕೊಟ್ಟ ಮೇಡಮ್ ಬಂದಾರ!” ಅಕ್ಕಪಕ್ಕದ ಹೆಂಗಸರು ಸೇರಿದರು. ನನಗೆ ಕೌದಿ ಹಾಸಿದರು, ಚಹಾ ಬಂತು.

ಭಾಗ್ಯಶ್ರೀ ಮಾತ್ರ ಬಾಗಿಲ ಹತ್ತಿರ ನೆಲಕ್ಕೆ ಹಾಸಿದ ಬರಿಯ ಫರಶಿ ಕಲ್ಲಿನ ಮೇಲೆ ಕೂತಿದ್ದಳು. “ಬಾ, ಇಲ್ಲಿ ಕೂಡು” ಎಂದೆ. ಅವಳು ತಾಯಿಯ ಮುಖ ನೋಡಿದಳು, ಬರಲಿಲ್ಲ. ಆಗ ನನಗೆ ವಾಸನೆ ತಿಳಿಯಿತು. ಹಿತ್ತಲಿನ ಹಗ್ಗದ ಮೇಲೆ ಮಡಿಸಿದ ಬಟ್ಟೆಯ ತುಂಡುಗಳು ಸಾಲಾಗಿ ಒಣಗುತ್ತಿದ್ದವು, ಅಂಬೆಗಾಲಿಡುವ ಕೂಸು ಆ ಮನೆಯಲ್ಲಿ ಇರಲಿಲ್ಲ. ಹುಡುಗಿಗೆ ಮಲದ ಮೇಲೆ ಹಿಡಿತವಿಲ್ಲ, ತೊಳೆಯಲು ಸುಲಭವೆಂದೇ ಕಲ್ಲಿನ ಮೇಲೆ ಕೂಡಿಸುತ್ತಾರೆ. ಇಮ್ತಿಯಾಜ್‌ ಕೂಡ ನೋಡಿದ. ನಾನು ನೋಡಿದ್ದನ್ನೂ ನೋಡಿದ.

“ಹೆಂಗದಾಳ ಹುಡುಗಿ?” ಎಂದು ಕೇಳಿದೆ. ಅಷ್ಟು ಹೆಂಗಸರ ನಡುವೆ ಕೇಳಿದೆ — ಒಳಗೆ ಕರೆದು ಕೇಳಲಿಲ್ಲ. ಯಾಕೆ ಹಾಗೆ ಕೇಳಿದೆನೆಂದು ನನಗೆ ಗೊತ್ತು.

“ಆರಾಮ ಅದಾಳ್ರಿ ಮೇಡಮ್. ನಿಮ್ಮ ಕೈಗುಣ ಭಾಳ ಛಲೋ ಅದ.”

ಹೊರಡುವಾಗ ಕಮಲಮ್ಮ ನನ್ನನ್ನು ನಿಲ್ಲಿಸಿ, ಅರಿಶಿನ ಕುಂಕುಮ ಹಚ್ಚಿ, ಖಣ, ತೆಂಗಿನಕಾಯಿ, ಅಕ್ಕಿ ಹಾಕಿ ಉಡಿ ತುಂಬಿದಳು. ತವರಿಗೆ ಬಂದ ಮಗಳಿಗೆ ತುಂಬುವ ಉಡಿ. ನಾನು ಸೆರಗು ಒಡ್ಡಿ ತುಂಬಿಸಿಕೊಂಡೆ, ನಾಚಿಕೆಗೆಟ್ಟವಳು.

ಜೀಪಿನಲ್ಲಿ ಇಮ್ತಿಯಾಜ್ ಪಟ್ಟಿ ತೆಗೆದು ಪೆನ್ನು ಹಿಡಿದ. ಆಮೇಲೆ ಕೇಳಿದ, “ಮೇಡಮ್, ಈ ಕೇಸಿಗೆ ಏನಂತ ಬರೀಲಿ ರಿ?”

“ತಾಯಿ ಏನಂದ್ಲು? ಆರಾಮ ಅಂದ್ಲಲ್ಲ? ಆರಾಮ ಅಂತ ಬರಿ.”

ಆ ಸುಳ್ಳನ್ನು ಬರೆಸಿದ ಮಾತುಗಳು ಇವೇ. ಕುಂಚಾವರಂ ಕಡೆಗೆ ಹೋಗಬೇಕಾದ ಜೀಪನ್ನು ಕಲಬುರಗಿಗೆ ತಿರುಗಿಸಲು ಹೇಳಿದವಳೂ ನಾನೇ. ಇನ್ನೊಂದು ಮನೆಗೆ ಹೋದರೆ ಇನ್ನೊಂದು ಫರಶಿ ಕಲ್ಲು ಕಾಣಬಹುದು ಎಂಬ ಭಯ. ಪತ್ರಿಕೆಗೆ ಉತ್ತರ ಬರೆದೆವು: ಮರಳಿ ಬರದ ಮಕ್ಕಳ ಮನೆಯವರನ್ನೆಲ್ಲ ವಿಚಾರಿಸಿದ್ದೇವೆ, ಎಲ್ಲರೂ ಆರೋಗ್ಯವಾಗಿದ್ದಾರೆ. ಎಲ್ಲರೂ! ಬರೆಯುವಾಗ ಅಳುಕಿದೆ ಅಂತ ಹೇಳಿದರೆ ಅದೂ ಸುಳ್ಳಾದೀತು. ಅಳುಕಲಿಲ್ಲ.

ಲೇಖನ ಅಚ್ಚಾಯಿತು, ಬಡ್ತಿ ಬಂತು. ಆಮೇಲೆ ಶುರುವಾಯಿತು ನೋಡಿ ಈ ಸೈಟೇಶನ್ನಿನ ಕಾಟ. ನಮ್ಮ ಲೇಖನವನ್ನು ಆಧಾರವೆಂದು ಬೇರೆಯವರು ತಮ್ಮ ಲೇಖನದಲ್ಲಿ ಹೆಸರಿಸಿದರೆ ಅದೊಂದು ಸೈಟೇಶನ್. ನಮ್ಮ ಲೋಕದಲ್ಲಿ ಮನುಷ್ಯರನ್ನು ಅಳೆಯುವುದೇ ಅದರಿಂದ. ‘ಅಭಿನಂದನೆಗಳು, ನಿಮ್ಮ ಲೇಖನವನ್ನು ಮತ್ತೊಬ್ಬರು ಉಲ್ಲೇಖಿಸಿದ್ದಾರೆ’ ಎಂದು ಕಂಪ್ಯೂಟರಿನಲ್ಲಿ ಓಲೆ ಬರುತ್ತದೆ, ಬರುತ್ತಲೇ ಇರುತ್ತದೆ. ಪ್ರಾಮಾಣಿಕವಾಗಿ ಬೆವರು ಸುರಿಸಿ ಬರೆದ ಲೇಖನಗಳನ್ನು ನಾಯಿಯೂ ಮೂಸಲಿಲ್ಲ. ಇದನ್ನು ಮಾತ್ರ ಎಲ್ಲರೂ ಎತ್ತಿ ಮುದ್ದಾಡಿದರು. ಒಬ್ಬ ಬರೆದದ್ದನ್ನು ನೋಡಿ ಇನ್ನೊಬ್ಬ, ಅವನನ್ನು ನೋಡಿ ಮತ್ತೊಬ್ಬ — ಮುಂದಿನ ಕುರಿ ಹಳ್ಳಕ್ಕೆ ಬಿದ್ದರೆ ಹಿಂದಿನವೆಲ್ಲ ಹಳ್ಳಕ್ಕೆ. ಮುಂದಿನ ಕುರಿ ನಾನೇ ಆದ್ದರಿಂದ ಬೈಯುವ ಹಕ್ಕೂ ನನಗಿಲ್ಲ! ಕಾಲೇಜಿನಲ್ಲಿ ಯಾರೇ ಅತಿಥಿ ಬಂದರೂ ನಮ್ಮ ಪ್ರಿನ್ಸಿಪಾಲರು ನನ್ನನ್ನು ಮುಂದೆ ತಳ್ಳಿ ಆ ಲೇಖನದ ಹೆಸರು ಹೇಳುತ್ತಿದ್ದರು. ನಾನು ಹಲ್ಲು ಕಿರಿಯುತ್ತಿದ್ದೆ.

ಕಳೆದ ವರ್ಷ ಹೈದರಾಬಾದಿನ ಒಂದು ಸಭೆಯಲ್ಲಿ ಒಬ್ಬ ತರುಣ ವೈದ್ಯ ಬಂದು ಕಾಲು ಮುಟ್ಟಿದ. ಯಾವುದೋ ದೂರದ ಜಿಲ್ಲೆಯ ಆಸ್ಪತ್ರೆಯಲ್ಲಿ ನನ್ನ ಪದ್ಧತಿಯಲ್ಲೇ ಆಪರೇಷನ್ ಮಾಡುತ್ತಾನಂತೆ. ನಿಮ್ಮ ಲೇಖನ ಓದಿದ ಮೇಲೆ ನಾನೂ ಮನೆಯವರಿಗೆ ಮರಳಿ ಬರುವ ಅಗತ್ಯವಿಲ್ಲವೆಂದೇ ಹೇಳುತ್ತೇನೆ, ಯಾರೂ ದೂರು ತಂದಿಲ್ಲ — ಎಂದು ಸಂಭ್ರಮದಿಂದ ಹೇಳಿದ.

ಯಾರೂ ದೂರು ತಂದಿಲ್ಲ! ನನಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಅವನದೇನು ತಪ್ಪು? ಅವನ ಬಾಯಿಂದ ಬರುತ್ತಿದ್ದುದು ನನ್ನದೇ ಮಾತು. ಎಷ್ಟು ಊರುಗಳಲ್ಲಿ, ಎಷ್ಟು ಬಾಗಿಲುಗಳ ಹತ್ತಿರ ಈಗ ಮಕ್ಕಳು ಬರಿಯ ನೆಲದ ಮೇಲೆ ಕೂತಿರಬಹುದು — ಈ ಯೋಚನೆ ಬಂದ ಮೇಲೆ ಸಭೆಯಲ್ಲಿ ನಿಲ್ಲಲಿಲ್ಲ.

ಊರಿಗೆ ಮರಳಿದವಳೇ ಇಮ್ತಿಯಾಜ್‌ಗೆ ಫೋನು ಮಾಡಿದೆ. ಅವನೀಗ ಬೇರೆ ಕಾಲೇಜಿನಲ್ಲಿ ದೊಡ್ಡ ವೈದ್ಯ. ಲೇಖನ ಹಿಂತೆಗೆದುಕೊಳ್ಳುವಂತೆ ಪತ್ರಿಕೆಗೆ ಬರೆಯುತ್ತೇನೆ ಎಂದೆ.

“ನಾ ಅವತ್ತ ಜೀಪಿನ್ಯಾಗ ಕೇಳಿದ್ದೆ ರೀ ಮೇಡಮ್,” ಎಂದ. ದನಿಯಲ್ಲಿ ಸಿಟ್ಟಿತ್ತು. “ಏನ್ ಬರೀಲಿ ಅಂತ ಕೇಳಿದ್ದೆ. ನಂಗ ಗೊತ್ತಿದ್ದಿಲ್ಲಂತ ಕೇಳಿದ್ದೇನ್ರಿ? ನೀವರ ಖರೇ ಹೇಳ್ತೀರಂತ ಕೇಳಿದ್ದೆ.” ಆಮೇಲೆ, “ಕಳಸ್ರಿ. ನನ್ನ ಹೆಸರೂ ಹಾಕ್ರಿ,” ಎಂದ.

ಕಳಿಸಿದೆ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡಳು, ನಿವೃತ್ತಿಯ ಹೊಸ್ತಿಲಲ್ಲಿ ಇದೆಲ್ಲ ಬೇಕಿತ್ತೇ ಎಂದು ವಿಭಾಗದಲ್ಲಿ ಆಡಿಕೊಂಡರು. ಆಡಿಕೊಳ್ಳಲಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ನಮ್ಮವ್ವ ಹೇಳುತ್ತಿದ್ದಳು. ನನ್ನ ಮಾನ ಹೋದದ್ದು ಈಗಲ್ಲ, ಆ ಜೀಪಿನಲ್ಲೇ ಹೋಗಿತ್ತು. ಇವರಿಗೆ ಸುದ್ದಿ ಈಗ ಮುಟ್ಟಿತು, ಅಷ್ಟೇ.

ಪತ್ರಿಕೆಗೆ ಬರೆದದ್ದು ಸುಲಭದ ಕೆಲಸ. ಕಷ್ಟದ್ದು ಚಿಮ್ಮನಚೋಡದಲ್ಲಿತ್ತು. ಈ ಸಲ ಒಬ್ಬಳೇ ಹೋದೆ. ಕಮಲಮ್ಮನ ತಲೆ ನರೆತಿತ್ತು. ಭಾಗ್ಯಶ್ರೀ ಬೆಳೆದು ದೊಡ್ಡವಳಾಗಿದ್ದಳು, ಮನೆಯಲ್ಲೇ ಹೊಲಿಗೆ ಹಾಕುತ್ತಾಳೆ. ಹೊಲಿಗೆ ಯಂತ್ರದ ಮುಂದಿನ ಆಸನವೂ ಒಂದು ತುಂಡು ಫರಶಿ ಕಲ್ಲು. ಶಾಲೆಯಲ್ಲಿ ಯಾರೂ ಪಕ್ಕ ಕೂಡುತ್ತಿರಲಿಲ್ಲವೆಂದು ಎಳವೆಯಲ್ಲೇ ಓದು ಬಿಟ್ಟಿದ್ದಳು. ಮದುವೆಯ ಮಾತು ಎತ್ತಿದವರಿಗೆ ಕಮಲಮ್ಮನೇ ಏನಾದರೊಂದು ನೆಪ ಹೇಳಿ ಕಳಿಸುತ್ತಿದ್ದಳಂತೆ.

ಬಾಗಿಲು ಮುಂದೆ ಮಾಡಿ, ಇಬ್ಬರ ಮುಂದೆ ಎಲ್ಲ ಹೇಳಿದೆ. ಅವತ್ತು ನನಗೆ ತಿಳಿದಿತ್ತು, ತಿಳಿದೂ ಮುಚ್ಚಿಟ್ಟೆ, ಅದರಿಂದ ಹೆಸರು ಗಳಿಸಿದೆ ಎಂದೆ. ಹೇಳಿ ಮುಗಿಸಿ, ಒಂದು ಮೂರ್ಖ ಪ್ರಶ್ನೆಯನ್ನೂ ಕೇಳಿಬಿಟ್ಟೆ: “ತ್ರಾಸ ಇದ್ರೂ ಯಾಕ ಬರಲಿಲ್ಲವ್ವಾ?”

“ಹೆಂಗ್ ಬರಾದು ರೀ?” ಎಂದಳು ಕಮಲಮ್ಮ. “ಊರ ತುಂಬ ನಿಮ್ಮ ಕೈಗುಣ ಹೊಗಳಿದಾಕಿ ನಾನೇ. ನನ್ನ ಮಾತ ಕೇಳಿ ಎಷ್ಟೊ ಮಂದಿ ಕೂಸ ತಗೊಂಡು ನಿಮ್ಮ ಕಡಿ ಬಂದ್ರು. ಮತ್ತ ನಾನೇ ಬಂದು ನೆಟ್ಟಗಾಗಿಲ್ಲಂದ್ರ ನಿಮ್ಮ ಹೆಸರು ಕೆಡತಿತ್ತಲ್ರಿ. ಜೀವಾ ಕೊಟ್ಟವ್ರ ಹೆಸರು ಕೆಡಸಾದೇನ್ರಿ?”

ಅವಳು ನನ್ನ ಹೆಸರು ಕಾಯಲು ಬಾಯಿ ಮುಚ್ಚಿದ್ದಳು. ನಾನು ಆ ಮುಚ್ಚಿದ ಬಾಯಿಯನ್ನೇ ಪುರಾವೆಯೆಂದು ತೋರಿಸಿ ಹೆಸರು ಮಾಡಿದ್ದೆ.

“ಅದೂ ಇರ್ಲಿ,” ಎಂದಳು ಕಮಲಮ್ಮ. ಅವಳ ದನಿ ಮೊದಲ ಸಲ ಬಿರುಸಾಯಿತು. “ಅವತ್ತ ನೀವು ಕಣ್ಣಿಲೆ ನೋಡಿದ್ರಿ. ನೀವು ನೋಡಿದ್ದು ನಾ ನೋಡೀನಿ. ನೋಡಿ ಏನೂ ಅನ್ನಲಾರ್ದ ಹೋದ್ರಿ. ಇಷ್ಟ ದೊಡ್ಡ ಡಾಕ್ಟರೇ ಸುಮ್ನ ಹೋದ್ರಂದ್ರ ಇದಕ್ಕ ಇಲಾಜ ಇಲ್ಲಂತ ತಿಳ್ಕೊಂಡಿವಿ.”

ಇಲಾಜು ಇತ್ತು. ಅವತ್ತೂ ಇತ್ತು. ದಿನಕ್ಕೊಂದು ಸಲ ಬೆಚ್ಚಗಿನ ಉಪ್ಪುನೀರಿನಿಂದ ಕರುಳು ತೊಳೆದುಕೊಳ್ಳುವುದು. ಎಷ್ಟು ನೀರು, ಯಾವ ಹೊತ್ತು ಎಂದು ಆ ಮಗುವಿಗೆ ಹೊಂದಿಸಿ ತಾಯಿಗೆ ಕಲಿಸಬೇಕು. ಆಸ್ಪತ್ರೆಯಲ್ಲಿ ಕೆಲವು ದಿನದ ಕೆಲಸ. ಇಂಥ ಬಹಳಷ್ಟು ಮಕ್ಕಳು ಅಷ್ಟರಿಂದಲೇ ಇಡೀ ದಿನ ಸ್ವಚ್ಛವಾಗಿರುತ್ತಾರೆ. ಇದನ್ನು ಹೇಳಲು ಹತ್ತಿದ ಜೀಪಿನಿಂದ ಮತ್ತೆ ಇಳಿಯಬೇಕಾಗಿತ್ತು, ಅಷ್ಟೇ. ಹೇಳಿದ್ದರೆ ಲೇಖನದಲ್ಲಿ ಒಂದು ಸಾಲು ಬದಲಾಗುತ್ತಿತ್ತು.

ಈ ಸಲ ಕಮಲಮ್ಮ ಉಡಿ ತುಂಬಲಿಲ್ಲ.

ಆದರೂ ಮಗಳನ್ನು ಕಳಿಸಿದಳು. ಕಲಬುರಗಿಯಲ್ಲಿ ಇಟ್ಟುಕೊಂಡು ಭಾಗ್ಯಶ್ರೀಗೆ ನಾನೇ ಎಲ್ಲ ಕಲಿಸಿದೆ. ಈಗ ತಿಂಗಳಿಗೊಮ್ಮೆ ಸೇಡಂಗೆ ಹೋಗಿ, ನನ್ನ ಕೈಯಿಂದ ಆಪರೇಷನ್ ಆದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆಸಿ ನೋಡುತ್ತಿದ್ದೇನೆ. ಸಿಗದವರ ಮನೆಗೆ ನಾನೇ ಹೋಗುತ್ತೇನೆ. ‘ಆರಾಮ ಇದ್ರೂ ಬರ್ರಿ’ ಎನ್ನುತ್ತೇನೆ. ಕುಂಚಾವರಂ ಕಡೆಯ ಹಟ್ಟಿಗಳು ಇನ್ನೂ ಬಾಕಿ ಇವೆ.

ಹೋದ ತಿಂಗಳು ಭಾಗ್ಯಶ್ರೀ ಸೇಡಂಗೆ ಬಂದಿದ್ದಳು. ನನ್ನ ಎದುರಿನ ಕುರ್ಚಿಯಲ್ಲಿ ಕೂತಳು. “ಬಸ್ಸಿನ್ಯಾಗ ಕುಂತ್ ಬಂದೆ ರೀ ಮೇಡಮ್,” ಎಂದಳು. “ಮೊದಲೆಲ್ಲ ಬಾಗಿಲ ಕಡಿ ನಿಂತೇ ಬರ್ತಿದ್ದೆ.”

ನಾನು ಛಲೋ ಆಯಿತು ಎಂದೆ. ಅವಳು ಎದ್ದು ಹೋಗುವಳೆಂದುಕೊಂಡೆ, ಹೋಗಲಿಲ್ಲ.

“ಇದು ಅವತ್ತೇ ಹೇಳಿದ್ರ ನಾ ಸಾಲಿ ಬಿಡ್ತಿದ್ದಿಲ್ಲ ಅಲ್ರಿ?”

ಹೌದು, ಬಿಡುತ್ತಿರಲಿಲ್ಲ ಎಂದೆ.